ಕೆರೆ ಅಂದರೆ ‘ಕ್ಯಾರಿ’ ಅನ್ನುವ ಕಂಪ್ಯೂಟರ್: ಇಂಗ್ಲೆಂಡಿನ ಡಿಎಸ್‌ಎ ನನಗೆ ಕೊಟ್ಟದ್ದೇನು

ಕೈಬೆರಳುಗಳಿಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಕಾಯಿಲೆ) ಬಂದು ಆರು ವರ್ಷ ಆಯಿತು. ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯುವುದು ಮಗನ ಕೆಲಸ. ಆದರೂ ‘ಡಿಸೇಬಲ್ಡ್’ ಅನ್ನುವ ಮಾತು ನನಗೆ ಅನ್ವಯಿಸುತ್ತದೆ ಅಂತ ಯಾವತ್ತೂ ಅನಿಸಿರಲಿಲ್ಲ. ಹಾಗಾಗಿ ಹೋದ ಸೆಪ್ಟೆಂಬರ್‌ನಲ್ಲಿ ಎಂಎಗೆ ಸೇರುವಾಗ ಫಾರಂನಲ್ಲಿದ್ದ ಆ ಪ್ರಶ್ನೆಗೆ ‘ಇಲ್ಲ’ ಅಂತಲೇ ಗುರುತು ಹಾಕಿದ್ದೆ.

ಮೂರನೇ ವಾರ ಲೆಕ್ಚರ್‌ನಲ್ಲಿ ನೋಟ್ಸ್ ಬರೆಯುತ್ತಾ ಪೆನ್ನು ಕೈಯಿಂದ ಜಾರಿತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಎತ್ತಿಕೊಟ್ಟು, ‘ನೀವು ಡಿಎಸ್‌ಎ ತಗೊಂಡಿಲ್ವಾ?’ ಅಂದಳು. ಡಿಸೇಬಲ್ಡ್ ಸ್ಟೂಡೆಂಟ್ಸ್ ಅಲವೆನ್ಸ್, ಅಂದರೆ ಅಂಗವೈಕಲ್ಯ ಅಥವಾ ದೀರ್ಘಕಾಲದ ಕಾಯಿಲೆ ಇರುವ ವಿದ್ಯಾರ್ಥಿಗಳ ಓದಿಗೆ ಸರ್ಕಾರ ಕೊಡುವ ನೆರವು. ಇಲ್ಲಿನ ಕಾನೂನಿನ ಪ್ರಕಾರ ಹನ್ನೆರಡು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಕಾಲ ಇರುವ, ದಿನದ ಕೆಲಸಕ್ಕೆ ನಿಜವಾಗಿ ಅಡ್ಡಿ ಮಾಡುವ ತೊಂದರೆ ಇದ್ದರೆ ಸಾಕು. ಕೀಲುನೋವು, ಡಿಸ್ಲೆಕ್ಸಿಯಾ, ಖಿನ್ನತೆ, ಎಲ್ಲವೂ ಸೇರುತ್ತವೆ.

ಇದು ಸಾಲ ಅಲ್ಲ. ವಾಪಸ್ ಕೊಡಬೇಕಾಗಿಲ್ಲ. ಮನೆಯ ಆದಾಯವನ್ನೂ ನೋಡುವುದಿಲ್ಲ. 2025–26ನೇ ಸಾಲಿಗೆ ಗರಿಷ್ಠ ಮಿತಿ 27,783 ಪೌಂಡ್. ಈ ಅಂಕಿ ನೋಡಿ ನನ್ನ ಗಂಡ ‘ಹೊಸ ಕಾರು ಬಂತು’ ಅಂದರು. ಹಾಗೇನಿಲ್ಲ. ಅಷ್ಟು ದುಡ್ಡು ಯಾರ ಕೈಗೂ ಇಡುವುದಿಲ್ಲ, ಅದು ಮಿತಿ ಮಾತ್ರ. ನಿಮ್ಮ ತೊಂದರೆಯಿಂದಾಗಿ ಓದಿಗೆ ಆಗುವ ಹೆಚ್ಚುವರಿ ಖರ್ಚಿಗಷ್ಟೇ ಕೊಡುತ್ತಾರೆ. ಎಲ್ಲ ವಿದ್ಯಾರ್ಥಿಗಳಿಗೂ ಆಗುವ ಖರ್ಚಿಗೆ ಕೊಡುವುದಿಲ್ಲ. ಕಂಪ್ಯೂಟರ್ ಬೇಕಾದರೆ ಮೊದಲ 200 ಪೌಂಡ್ ನಮ್ಮದೇ.

ಡಾಕ್ಟರ ಹತ್ತಿರ ಪತ್ರ ಬರೆಸಿ ಅರ್ಜಿ ಹಾಕಿದೆ. ಆಮೇಲೆ ‘ನೀಡ್ಸ್ ಅಸೆಸ್‌ಮೆಂಟ್’, ಅಂದರೆ ಏನೇನು ನೆರವು ಬೇಕು ಅಂತ ತಿಳಿದುಕೊಳ್ಳುವುದು. ಹೆಸರು ಕೇಳಿ ಪರೀಕ್ಷೆ ಅಂದುಕೊಂಡಿದ್ದೆ. ವಿಡಿಯೋದಲ್ಲಿ ಒಂದು ಮಾತುಕತೆ, ಅಷ್ಟೆ. ಆ ಕಡೆ ಕೂತಿದ್ದವರು ‘ಎಷ್ಟು ಹೊತ್ತು ಟೈಪ್ ಮಾಡ್ತೀರಿ?’ ಅಂತ ಕೇಳಿದರು. ‘ಪರವಾಗಿಲ್ಲ, ಹೇಗೋ ಆಗುತ್ತೆ’ ಅಂದೆ. ನಮ್ಮ ಬಾಯಿಗೆ ಆ ಮಾತು ಎಷ್ಟು ಅಭ್ಯಾಸ ನೋಡಿ. ಅವರು ಬರೆಯುವುದನ್ನು ನಿಲ್ಲಿಸಿ, ‘ಆ ಹೇಗೋ ಅನ್ನೋದನ್ನೇ ಬಿಡಿಸಿ ಹೇಳಿ’ ಅಂದರು. ಆಗ ಹೇಳಿದೆ: ಹದಿನೈದು ನಿಮಿಷ ಟೈಪ್ ಮಾಡ್ತೀನಿ, ಆಮೇಲೆ ಬಿಸಿನೀರಿನ ಚೀಲದ ಮೇಲೆ ಕೈ ಇಟ್ಟುಕೊಂಡು ಕೂರ್ತೀನಿ, ದಪ್ಪ ಪುಸ್ತಕದ ಹಾಳೆಯನ್ನು ಅಂಗೈಯಿಂದ ತಳ್ಳಿ ತಿರುವ್ತೀನಿ. ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು. ಅವರು ಬರೆದುಕೊಂಡದ್ದು ಅದನ್ನೇ. ಒಳ್ಳೆಯ ದಿನದ ಲೆಕ್ಕ ಒಪ್ಪಿಸಿದ್ದರೆ ನನಗೆ ಏನೂ ಸಿಗುತ್ತಿರಲಿಲ್ಲ.

ಸಿಕ್ಕಿದ್ದು ಇಷ್ಟು: ಲ್ಯಾಪ್‌ಟಾಪ್, ಮಾತನ್ನು ಬರಹ ಮಾಡುವ ಸಾಫ್ಟ್‌ವೇರ್, ಲೆಕ್ಚರ್ ರೆಕಾರ್ಡ್ ಮಾಡುವ ವ್ಯವಸ್ಥೆ, ಮೊಣಕೈಗೆ ಆಸರೆ ಇರುವ ಕುರ್ಚಿ, ಸಾಫ್ಟ್‌ವೇರ್ ಕಲಿಸಲು ಕೆಲವು ಗಂಟೆಗಳ ಪಾಠ.

‘ನಾನಾಗಿದ್ದರೆ ಆ ಪಾಠ ಬೇಡ ಅನ್ನುತ್ತಿದ್ದೆ’ ಅಂತ ಮಗ ಹೇಳುತ್ತಾನೆ, ಕಂಪ್ಯೂಟರ್ ಅವನಿಗೆ ನೀರು ಕುಡಿದ ಹಾಗೆ. ನೀವು ಬೇಡ ಅನ್ನಬೇಡಿ. ನನ್ನ ಪ್ರಬಂಧ ದಕ್ಷಿಣ ಕರ್ನಾಟಕದ ಕೆರೆ ನೀರಾವರಿ ಬಗ್ಗೆ. ನಾನು ‘ಟ್ಯಾಂಕ್’ ಅಂದರೆ ಸಾಫ್ಟ್‌ವೇರ್ ‘ಡ್ಯಾಂಕ್’ ಅಂತ ಬರೆಯುತ್ತಿತ್ತು. ‘ಕೆರೆ’ ಅಂದರೆ ‘ಕ್ಯಾರಿ’. ಒಂದು ಪುಟದಲ್ಲಿ ಹನ್ನೊಂದು ‘ಕ್ಯಾರಿ’ ಇದ್ದವು! ಕಲಿಸಲು ಬಂದ ಹುಡುಗ ನಕ್ಕ, ಆಮೇಲೆ ನಮ್ಮ ಪದಗಳನ್ನು ಅದರ ಪಟ್ಟಿಗೆ ಸೇರಿಸಿ, ಉಚ್ಚರಿಸಿ ತೋರಿಸುವುದು ಹೇಗೆ ಅಂತ ಹೇಳಿಕೊಟ್ಟ. ಕೆರೆ, ತೂಬು, ಕೋಡಿ, ನೀರಗಂಟಿ, ಎಲ್ಲ ಸೇರಿಸಿದ್ದೇನೆ. ಈಗ ನೂರಕ್ಕೆ ತೊಂಬತ್ತು ಪಾಲು ಸರಿ ಬರುತ್ತದೆ. ‘ಟ್ಯಾಂಕ್’ ಮಾತ್ರ ಇನ್ನೂ ಹಟ ಮಾಡುತ್ತದೆ.

ಬೇಜಾರಿನ ವಿಷಯವೂ ಇದೆ. ಸಾಮಾನು ಕಳಿಸುವ ಕಂಪನಿ ಲ್ಯಾಪ್‌ಟಾಪನ್ನು ಬೇಗ ಕಳಿಸಿತು, ಕುರ್ಚಿಗೆ ಮಾತ್ರ ಐದು ವಾರ ಕಾಯಿಸಿತು. ಫೋನ್ ಮಾಡಿದಾಗಲೆಲ್ಲ ಹೊಸಬರಿಗೆ ಮೊದಲಿನಿಂದ ಕಥೆ ಹೇಳಬೇಕು. ಆದರೆ ದೊಡ್ಡ ತಪ್ಪು ನನ್ನದೇ. ಕೋರ್ಸ್ ಶುರುವಾಗುವ ಮೊದಲೇ ಅರ್ಜಿ ಹಾಕಬಹುದಿತ್ತು. ನಾನು ಅಕ್ಟೋಬರ್‌ನಲ್ಲಿ ಹಾಕಿದೆ. ಎಲ್ಲ ಕೈಗೆ ಬರುವ ಹೊತ್ತಿಗೆ ಮೊದಲ ಟರ್ಮ್ ಮುಗಿದಿತ್ತು.

ಊರಿನಿಂದ ಮಕ್ಕಳನ್ನು ಓದಲು ಕಳಿಸುವವರು ಒಂದು ಗಮನಿಸಿ. ಸ್ಟೂಡೆಂಟ್ ವೀಸಾದಲ್ಲಿ ಬಂದವರಿಗೆ ಈ ದುಡ್ಡು ಸಿಗುವುದಿಲ್ಲ. ನಾವು ಇಲ್ಲೇ ನೆಲೆಸಿರುವುದರಿಂದ ನನಗೆ ಸಿಕ್ಕಿತು. ಆದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯದಂಥ ಅನುಕೂಲವನ್ನು ಯೂನಿವರ್ಸಿಟಿಯೇ ಮಾಡಿಕೊಡಬೇಕು, ತಾರತಮ್ಯ ತಡೆಯುವ 2010ರ ಈಕ್ವಾಲಿಟಿ ಆಕ್ಟ್ ಆ ಮಕ್ಕಳಿಗೂ ಅನ್ವಯಿಸುತ್ತದೆ. ಡಿಸೆಬಿಲಿಟಿ ಆಫೀಸಿಗೆ ಹೋಗಿ ಕೇಳಲಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕುರ್ಚಿಗೆ ಮಾತ್ರ ಐದು.

ಅಂದಹಾಗೆ ಇದನ್ನು ಫೋನಿನ ಕನ್ನಡ ವಾಯ್ಸ್ ಟೈಪಿಂಗ್‌ನಲ್ಲಿ ಹೇಳಿ ಬರೆಸಿದೆ. ಕೆರೆ ಅಂದರೆ ಕೆರೆ ಅಂತಲೇ ಬರೆಯಿತು.