ಕೊಡಗಿನ ಮಳೆಗೆ ಒಂದೇ ವೈಪರ್ ಸಾಕಾ?

ದೊಡ್ಡಪ್ಪನ ತೋಟದ ಶೆಡ್‌ನಲ್ಲಿ ಕಾಫಿ ಮೂಟೆಗಳ ಪಕ್ಕ ಒಂದು ಹಳೆ ಬೆಂಜ್ ಇದೆ. ಕಂಪನಿಯ ಸಂಕೇತದಲ್ಲಿ ಡಬ್ಲ್ಯೂ124, ಹೆಸರು ಇ250 ಡೀಸೆಲ್. 1995ರಲ್ಲಿ ಪುಣೆಯಲ್ಲಿ ಬೆಂಜ್ ಜೋಡಿಸಲು ಶುರು ಮಾಡಿದ್ದೇ ಈ ಮಾಡೆಲ್‌ನಿಂದ. ಕಳೆದ ಜುಲೈನಲ್ಲಿ ಮಡಿಕೇರಿಯಿಂದ ಸುಳ್ಯಕ್ಕೆ ಓಡಿಸಿದೆ, ಸಂಪಾಜೆ ಘಾಟಿಯಲ್ಲಿ ಮಳೆ ಅಂದ್ರೆ ಮಳೆ. ಇದಕ್ಕೆ ವೈಪರ್ ಒಂದೇ! ಆದರೆ ಅದು ಸುಮ್ನೆ ಅರ್ಧಚಂದ್ರ ಬರೆಯುವುದಿಲ್ಲ, ಗಾಜಿನ ಮೇಲಿನ ಮೂಲೆ ಹತ್ತಿರ ಬಂದಾಗ ತೋಳು ಉದ್ದಕ್ಕೆ ಚಾಚುತ್ತದೆ, ನಡುವೆ ಬಂದಾಗ ಒಳಗೆ ಎಳೆದುಕೊಳ್ಳುತ್ತದೆ, ಹೀಗೆ ಗಾಜಿನ ಶೇ 86ರಷ್ಟು ಭಾಗ ಒರೆಸುತ್ತದೆ. ನಾನಂತೂ ರಸ್ತೆ ಬಿಟ್ಟು ಅದನ್ನೇ ನೋಡುತ್ತಿದ್ದೆ, ಪಕ್ಕದಲ್ಲಿದ್ದ ದೊಡ್ಡಪ್ಪ ಬೈದರು.

ಹಿಂದಿನ ಒಂದೊಂದು ಚಕ್ರಕ್ಕೂ ಐದೈದು ಲಿಂಕ್, ಅಂದ್ರೆ ಚಕ್ರವನ್ನು ಕಾರಿಗೆ ಜೋಡಿಸುವ ಸರಳುಗಳು. ತಿರುವಿನ ನಡುವೆ ಗುಂಡಿ ಸಿಕ್ಕರೂ ಕಾರು ಬೆದರುವುದಿಲ್ಲ. ಏರಿನಲ್ಲಿ ಮಾತ್ರ ಸೋಮಾರಿ. ಐದು ಸಿಲಿಂಡರ್ ಇದೆ, ಎಂಜಿನ್‌ಗೆ ಹೆಚ್ಚು ಗಾಳಿ ನೂಕಿ ಬಲ ಕೊಡುವ ಟರ್ಬೊ ಇಲ್ಲ, ವಾಪಸ್ ಬರುವಾಗ ಪಿಕಪ್ ಜೀಪುಗಳೆಲ್ಲ ನಮ್ಮನ್ನು ದಾಟಿ ಹೋದವು. ಪಾರ್ಕಿಂಗ್ ಬ್ರೇಕ್ ಎಡಗಾಲಲ್ಲಿ ಒತ್ತಬೇಕು, ಹೊಸಬರಿಗೆ ಸ್ವಲ್ಪ ಗಲಿಬಿಲಿ. ತೋಟದ ಕಲ್ಲುದಾರಿಗೆ ಜೀಪೇ ಸರಿ, ಇದಲ್ಲ.

ಬಾಗಿಲು ಹಾಕಿದರೆ ಧಪ್ ಅಂತ ಒಂದೇ ಸದ್ದು. ಆ ಸದ್ದಿಗೋಸ್ಕರ ಎರಡು ಸಲ ಜಾಸ್ತಿಯೇ ಹಾಕಿ ನೋಡಿದೆ.