ಊರಿನ ಅಂಗಡಿಯೋ, ಎಸ್.ಪಿ. ರಸ್ತೆಯೋ?

ಮಲೆನಾಡಿನ ತಾಲ್ಲೂಕು ಕೇಂದ್ರದಲ್ಲಿರುವವರು ಮೊಬೈಲ್, ರೂಟರ್, ಇನ್ವರ್ಟರ್ ಮುಂತಾದವನ್ನು ಕೊಳ್ಳುವಾಗ, ಬಸ್ ನಿಲ್ದಾಣದ ಬಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಗೂ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಸಾದರ ಪತ್ರಪ್ಪ (ಎಸ್.ಪಿ.) ರಸ್ತೆಗೂ ಇರುವ ವ್ಯತ್ಯಾಸವನ್ನು ಬೆಲೆಯೊಂದರಿಂದಲೇ ಅಳೆಯುವುದು ಸರಿಯಲ್ಲ. ಆಯ್ಕೆಯಲ್ಲಿ ಎಸ್.ಪಿ. ರಸ್ತೆಯದೇ ಮೇಲುಗೈ. ರೆಸಿಸ್ಟರ್, ಕೆಪಾಸಿಟರ್‌ಗಳಂಥ ಬಿಡಿಭಾಗಗಳಿಂದ ಹಿಡಿದು ಸಿಸಿಟಿವಿ ಕೇಬಲಿನವರೆಗೆ ಎಲ್ಲವೂ ಅಲ್ಲಿ ಸಿಗುತ್ತದೆ, ಚೌಕಾಸಿಗೂ ಅವಕಾಶವಿದೆ. ಜಿಎಸ್‌ಟಿ ಬಿಲ್ ಬೇಡವೆಂದು ನಾಲ್ಕು ಕಾಸು ಉಳಿಸಿದವರಿಗೆ ಮಾತ್ರ ಮುಂದೆ ವಾರಂಟಿ ಕೇಳಲು ಆಧಾರವಿರುವುದಿಲ್ಲ.

ಊರಿನ ಅಂಗಡಿಯ ಮಹತ್ವ ತಿಳಿಯುವುದು ಸಿಡಿಲಿನ ಕಾಲದಲ್ಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಫೈಬರ್ ಸಂಪರ್ಕವಿರುವ ಮನೆಯಲ್ಲೂ ರೂಟರ್ ಸುಟ್ಟುಹೋಗಬಹುದು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಕರೆಂಟಿನ ತಂತಿಯಿಂದ ಅಡಾಪ್ಟರ್ ಮೂಲಕ ಅದು ಒಳನುಗ್ಗುತ್ತದೆ. ಆಗ ಅದೇ ವೋಲ್ಟೇಜಿನ ಬೇರೊಂದು ಅಡಾಪ್ಟರ್ ಸಿಕ್ಕಿಸಿ, ದೀಪ ಹತ್ತುತ್ತದೆಯೇ ಎಂದು ನೋಡಿ, ಹೋಗಿರುವುದು ಅಡಾಪ್ಟರ್ ಮಾತ್ರವೋ ಇಡೀ ರೂಟರೋ ಎಂಬುದನ್ನು ಐದೇ ನಿಮಿಷದಲ್ಲಿ ಹೇಳುವವರು ಹತ್ತಿರವಿರಬೇಕು.

ನೆಟ್‌ವರ್ಕ್ ಸಿಗದ ಊರುಗಳಿಗೆಂದು ಸಿಗ್ನಲ್ ಬೂಸ್ಟರ್ ಮಾರುವವರು ಎಲ್ಲೇ ಸಿಕ್ಕರೂ ಕೊಳ್ಳಬೇಡಿ. ಅನುಮತಿಯಿಲ್ಲದೆ ಅದನ್ನು ಅಳವಡಿಸುವುದು ಕಾನೂನುಬಾಹಿರ. ರೂಟರ್ ಇರುವ ಮನೆಯಲ್ಲಿ, ಫೋನಿಗೆ ಸೌಲಭ್ಯವಿದ್ದರೆ, ವೈಫೈ ಕಾಲಿಂಗ್ ಸಾಕು. ಹಳೆಯ ಫೋನ್ ಕೊಳ್ಳುವುದಾದರೆ *#06# ಒತ್ತಿ, ಬರುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು, ಅಂದರೆ ಫೋನಿನ ಗುರುತಿನ ಸಂಖ್ಯೆಯನ್ನು, ಅದು ಕಳವಿನ ಫೋನಲ್ಲವೆಂದು ಖಚಿತಪಡಿಸಿಕೊಳ್ಳಲು ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಪರಿಶೀಲಿಸಿ.

ನನ್ನ ಮಟ್ಟಿಗೆ, ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ ಸರಿ, ಸುಮಾರು 50 ಕಿಲೋ ತೂಗುವ ಇನ್ವರ್ಟರ್ ಬ್ಯಾಟರಿಯನ್ನಂತೂ, ನೂರಿನ್ನೂರು ಹೆಚ್ಚಾದರೂ, ಕೆಟ್ಟಾಗ ಮನೆಗೇ ಬರುವ ಊರಿನ ಅಂಗಡಿಯವರಿಂದಲೇ ಕೊಳ್ಳಬೇಕು.