ಮಳೆಗಾಲದ ರಾಣಿಪುರಂಗೆ ಉಂಬಳದ ಕಾಲುಚೀಲ: ಕೊಂಡದ್ದು ಸಾರ್ಥಕ

ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡ ಹತ್ತುವ ಆಸೆ ಇದ್ದೂ ಉಂಬಳಕ್ಕೆ, ಅಂದರೆ ನೆತ್ತರು ಹೀರುವ ಕಾಡಿನ ಜಿಗಣೆಗೆ, ಹೆದರಿ ಹಿಂದೆ ಸರಿಯುವವರು ನಮ್ಮ ಕಡೆ ತುಂಬ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಉಪ್ಪು, ಹೊಗೆಸೊಪ್ಪು, ಸುಣ್ಣ ಎಲ್ಲ ನಮ್ಮ ಮನೆಯಲ್ಲಿ ಹಳೆಯ ಮದ್ದುಗಳೇ. ಆದರೆ ಜುಲೈ ಮಳೆಗೆ ಅವು ತೊಳೆದುಹೋಗುತ್ತವೆ. ಈ ಸಲ ಭಾವ ಹೇಳಿದರೆಂದು ಆನ್‌ಲೈನಿನಲ್ಲಿ ಉಂಬಳದ ಕಾಲುಚೀಲ ತರಿಸಿದೆ. ಜೋಡಿಗೆ 350 ರೂಪಾಯಿ. ಒತ್ತಾಗಿ ನೇಯ್ದ ದಪ್ಪ ಹತ್ತಿ ಬಟ್ಟೆ, ಮೊಣಕಾಲಿನವರೆಗೆ ಉದ್ದ, ಮೇಲ್ಗಡೆ ಕಟ್ಟಲು ಲಾಡಿ. ಮಾಮೂಲು ಸಾಕ್ಸಿನ ಎಳೆಗಳ ನಡುವೆ ಉಂಬಳ ನುಸುಳುತ್ತದೆ, ಇದರಲ್ಲಿ ಅದಕ್ಕೆ ಸಂದಿಯೇ ಸಿಗುವುದಿಲ್ಲ.

ಮುಳ್ಳೇರಿಯದಿಂದ ಬಂದಡ್ಕ, ಕೋಳಿಚ್ಚಾಲ್ ದಾರಿಯಾಗಿ ಹೋದೆವು. ಅರಣ್ಯ ಇಲಾಖೆಯ ಟಿಕೆಟ್ ತೆಗೆದುಕೊಂಡು ಕಾಡಿನೊಳಗೆ ಕಾಲಿಟ್ಟದ್ದೇ ತಡ, ತರಗೆಲೆಯ ಮೇಲೆಲ್ಲ ಉಂಬಳಗಳು ತಲೆ ಎತ್ತಿ ನಿಂತಿದ್ದವು. ನಮ್ಮ ಉಸಿರು, ಮೈಯ ಬಿಸಿ, ಹೆಜ್ಜೆಯ ಅದುರು ಅವಕ್ಕೆ ಗೊತ್ತಾಗುತ್ತದೆ. ಒಂದು ನನ್ನ ಹಿಮ್ಮಡಿಯ ಹತ್ತಿರ ಬಟ್ಟೆಗೆ ಹತ್ತಿತು. ಬಾಯಿ ಊರಿತು, ಬೆನ್ನು ಕಮಾನು ಮಾಡಿತು, ಮತ್ತೆ ಸ್ವಲ್ಪ ಮೇಲೆ ಬಾಯಿ ಊರಿತು. ಕಚ್ಚಲು ಆಗಲಿಲ್ಲ. ಆದರೆ ಬಿಟ್ಟು ಹೋಗುವ ಜಾತಿಯಲ್ಲ ಅದು, ನೇರ ಲಾಡಿಯ ಗಂಟಿನವರೆಗೆ ಬಂತು. ಬಟ್ಟೆ ತಿಳಿ ಬಣ್ಣದ್ದಾದ್ದರಿಂದ ಕಣ್ಣಿಗೆ ಬಿತ್ತು, ಬೆರಳಲ್ಲಿ ಚಿಮ್ಮಿಸಿದೆ. ಆದ್ದರಿಂದ ಇದನ್ನು ಪ್ಯಾಂಟಿನ ಮೇಲಿಂದಲೇ ಹಾಕಿ, ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿ, ಆಮೇಲೆ ಶೂ ಹಾಕಬೇಕು. ಆಗಾಗ ಗಂಟಿನ ಕಡೆ ನೋಡುತ್ತಿರಬೇಕು.

ಮಾಮೂಲು ಸಾಕ್ಸಿನಲ್ಲಿ ಬಂದ ಅಕ್ಕನ ಮಗನಿಗೆ ಕಚ್ಚಿದ್ದೇ ಗೊತ್ತಾಗಲಿಲ್ಲ. ಉಂಬಳದ ಜೊಲ್ಲಿನಲ್ಲಿರುವ ಅಂಶವೊಂದು ನೆತ್ತರು ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಅದು ಉದುರಿದ ಮೇಲೂ ತುಂಬ ಹೊತ್ತು ಸುರಿಯುತ್ತಿತ್ತು. ಕಚ್ಚಿಕೊಂಡದ್ದನ್ನು ಎಳೆಯಬೇಡಿ. ಬಾಯಿಯ ಕೆಳಗೆ ಉಗುರು ತೂರಿಸಿ ಮೆಲ್ಲಗೆ ಬಿಡಿಸಿ.

ಕಾಡು ದಾಟಿ ಹುಲ್ಲುಗುಡ್ಡಕ್ಕೆ ಬಂದರೆ ಗಾಳಿ, ಮಂಜು, ಆಚೆ ಕೊಡಗಿನ ಕಾಡು. ಕಾಲು ನೋಡುವ ಚಿಂತೆಯಿಲ್ಲದೆ ಅಲ್ಲಿ ಕುಳಿತು ಅವಲಕ್ಕಿ ತಿಂದ ಸುಖಕ್ಕೇ ಕೊಟ್ಟ ದುಡ್ಡು ತೀರಿತು ಎನ್ನುತ್ತೇನೆ.

ಕೊರತೆಯೂ ಇದೆ. ನೆನೆದರೆ ಭಾರ, ನಮ್ಮ ಆಟಿ ತಿಂಗಳ ಮಳೆಯ ಹವೆಗೆ ಒಣಗಲು ದಿನಗಟ್ಟಲೆ ಬೇಕು. ಅಂಗಾಲಿನ ಹೊಲಿಗೆ ಶೂ ಒಳಗೆ ಒತ್ತುತ್ತದೆ, ಅರ್ಧ ಸೈಜು ದೊಡ್ಡ ಶೂ ಇದ್ದರೆ ಒಳ್ಳೆಯದು. ಮಕ್ಕಳ ಅಳತೆ ನನಗೆ ಸಿಗಲಿಲ್ಲ, ನಮ್ಮ ಟೈಲರ್ ಇದನ್ನೇ ಮಾದರಿ ಇಟ್ಟುಕೊಂಡು ಹೊಲಿದುಕೊಡುತ್ತೇನೆ ಎಂದಿದ್ದಾರೆ.